ಮುಷ್ಟಿ ಕಾಳಗದ ಭಾನುವಾರ

"ಸವೇಲಿ ಅಂದ್ರೆ ನೀನೇನಾ?"

"ಹೌದು, ನಾನೇ. ಬಿಸಿ ಜೇನುಮದ್ಯ ಬೇಕಿತ್ತಾ? ಒಂದು ಗುಟುಕು ಕುಡಿದ್ರೆ ಸಾಕು, ಚಳಿ..."

ಮಾತು ಮುಗಿಯಲಿಲ್ಲ. ಉಲ್ಯಾನಾಳ ಮುಷ್ಟಿ ಅವನ ಬಾಯಿಗೆ ಬಿತ್ತು!

ಲೋಟ ಹಾರಿತು. ತುಟಿ ಒಡೆದು ರಕ್ತ ಹಿಮದ ಮೇಲೆ ತೊಟ್ಟಿಕ್ಕಿತು. ಅವಳ ಬೆರಳ ಗೆಣ್ಣುಗಳೂ ಅವನ ಹಲ್ಲಿಗೆ ತಾಗಿ ಸುಲಿದುಹೋದವು.

ರಷ್ಯಾದ ನಮ್ಮ ಸುಜ್ದಾಲ್ ಊರಿಗೆ ಬರುವವರೆಲ್ಲ ಬಸ್ ಇಳಿದವರೇ ಬಾಯಿ ಬಿಟ್ಟುಕೊಂಡು ಚರ್ಚಿನ ಗುಮ್ಮಟ ನೋಡುತ್ತಾರೆ. ಫೋಟೋ ಹೊಡೆಯುತ್ತಾರೆ, ಉಪ್ಪಲ್ಲಿ ಹಾಕಿದ ಸೌತೆಕಾಯಿ ಕೊಳ್ಳುತ್ತಾರೆ, ಸಂಜೆಗೆ ಜಾಗ ಖಾಲಿ ಮಾಡುತ್ತಾರೆ. ಕೊವ್ರೊವ್ ಊರಿನ ಈ ಹುಡುಗಿ ಒಂದು ಗುಮ್ಮಟದ ಕಡೆಗೂ ಕತ್ತೆತ್ತಲಿಲ್ಲ. ಸೀದಾ ಸಂತೆಗೆ ಬಂದು ಬಾರಿಸಿಯೇ ಬಿಟ್ಟಳು!

"ಅಯ್ಯೋ, ಇವಳ ಕೈ ಮುರಿಯ!" ಅಂಗಡಿಯೊಳಗಿಂದ ಸವೇಲಿಯ ಸೋದರತ್ತೆ ಫ್ಯೋಕ್ಲಾ ಸೌಟು ಹಿಡಿದು ನುಗ್ಗಿದಳು. "ಯಾರೇ ನೀನು?"

"ಗ್ಲೆಬ್‌ನ ತಂಗಿ! ಹೋದ ವರ್ಷ ಇಲ್ಲಿ ಹೊಡೆದಾಟದಲ್ಲಿ ಇವನು ನಮ್ಮಣ್ಣನ ಕಣ್ಣು ಕಿತ್ತ. ಕೈಗವಸಿನಲ್ಲಿ ಕಬ್ಬಿಣ ಇಟ್ಟುಕೊಂಡು ಹೊಡೆದ ಹೇಡಿ ಇವನು!"

ಅತ್ತೆಯ ಬಾಯಿ ತೆರೆಯಿತು. ಸವೇಲಿ ಅವಳ ತೋಳು ಹಿಡಿದ. "ಬೇಡ ಅತ್ತೆ."

ಅಷ್ಟೇ! ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಬಗ್ಗಿ ಒಂದು ಹಿಡಿ ಹಿಮ ತೆಗೆದು ಅವಳ ಸುಲಿದ ಕೈ ಮೇಲೆ ಒತ್ತಿದ.

"ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಬೇಕು. ಇಲ್ಲಾಂದ್ರೆ ನಿನ್ನ ಕೈಯೇ ಮುರಿಯುತ್ತೆ."

*ಥೂ! ಎಂಥಾ ನಾಚಿಕೆಗೆಟ್ಟವನು!* ಕೈ ಕಿತ್ತುಕೊಂಡಳು. ಆದರೆ ಆ ತಣ್ಣನೆಯ ಸ್ಪರ್ಶ ಯಾಕೋ ತೋಳಿನವರೆಗೂ ಹತ್ತಿತು...

ಅದು ಮಾಸ್ಲೆನಿತ್ಸಾ ಹಬ್ಬದ ವಾರ. ಉಪವಾಸ ಶುರುವಾಗುವ ಮುನ್ನ ಊರಿಗೆ ಊರೇ ಬೆಣ್ಣೆ ಸುರಿದ ಬ್ಲಿನಿ ದೋಸೆ ತಿಂದು, ಕೊನೆಯ ಭಾನುವಾರ ಹೆಪ್ಪುಗಟ್ಟಿದ ಕಾಮೆಂಕಾ ಹೊಳೆಯ ಮೇಲೆ ಹೊಡೆದಾಡುತ್ತದೆ. ಊರಿನ ಗಂಡಸರದ್ದು ಒಂದು ಗೋಡೆ, ಹೊರಗಿನವರದ್ದು ಇನ್ನೊಂದು. ಭುಜಕ್ಕೆ ಭುಜ ಕೊಟ್ಟು ನಿಂತು ಡಿಕ್ಕಿ ಹೊಡೆಯುವುದು! ಬಿದ್ದವನನ್ನು ಮುಟ್ಟುವ ಹಾಗಿಲ್ಲ. ಆದರೆ ಕೈಗವಸಿನಲ್ಲಿ ಕಬ್ಬಿಣ ಇಟ್ಟವನು ಸಿಕ್ಕಿಬಿದ್ದರೆ ಅವನಿಗೆ ಆ ದಯೆಯೂ ಇಲ್ಲ. ಅವನ ಕಡೆಯವರೇ ಅವನನ್ನು ತುಳಿಯುತ್ತಾರೆ.

ಗ್ಲೆಬ್ ಭಾನುವಾರ ಬರುವವನಿದ್ದ. ಅಲ್ಲಿಯವರೆಗೆ ಈ ಸವೇಲಿ ಓಡಿಹೋಗದಂತೆ ಕಾಯಬೇಕು ಎಂದು ಉಲ್ಯಾನಾ ಊರಲ್ಲೇ ಕೋಣೆ ಹಿಡಿದಳು.

ಕಾದಳಾ? ಕಾದಳು ಬಿಡಿ! ಅವನು ಜೇನು ಕಾಯಿಸುವಾಗ ಎದುರಿಗೆ ಕೂತು ಕಾದಳು. ಅವನು ಕೊಟ್ಟ ಬ್ಲಿನಿ ತಿನ್ನುತ್ತಾ ಕಾದಳು. ಗುಡ್ಡದ ಮೇಲಿಂದ ಜಾರುಬಂಡಿಯಲ್ಲಿ ಅವನ ಬೆನ್ನು ಅಪ್ಪಿಕೊಂಡು ಕಿರುಚುತ್ತಾ ಕಾದಳು. ಕೆಳಗೆ ಬಿದ್ದು ಇಬ್ಬರೂ ಹಿಮದಲ್ಲಿ ಉರುಳಿದಾಗ ಅವಳು ನಕ್ಕುಬಿಟ್ಟಳು. ಮರುಕ್ಷಣವೇ ಅಣ್ಣನ ಖಾಲಿ ಕಣ್ಣಿನ ಗುಳಿ ನೆನಪಾಗಿ ಅಳು ಒತ್ತರಿಸಿ ಬಂತು.

*ಛೀ... ಅಣ್ಣನ ಬಾಳು ಹಾಳು ಮಾಡಿದವನ ಜೊತೆ ನಗ್ತಿದ್ದೀನಲ್ಲ!*

ಶನಿವಾರ ಮಧ್ಯಾಹ್ನ ಅವನ ಕಾಲರ್ ಹಿಡಿದು ಜಗ್ಗಿದಳು.

"ನಾನು ಮಾಡಿಲ್ಲ ಅಂತ ಒಂದೇ ಒಂದು ಸಲ ಹೇಳು ಸವೇಲಿ. ನಂಬ್ತೀನಿ. ದೇವರಾಣೆ ನಂಬ್ತೀನಿ!"

ಅವನ ಕಣ್ಣು ತುಂಬಿತು. "ಆ ವಿಷಯ ಮುಗಿದಿದೆ ಉಲ್ಯಾ. ಅದನ್ನ ನಾನು ಎತ್ತೋ ಹಾಗಿಲ್ಲ."

"ಅಂದ್ರೆ ನೀನೇ ಮಾಡಿದ್ದು!"

ಅವನು ತಲೆ ತಗ್ಗಿಸಿದ. ಅವಳ ಎದೆ ಒಡೆದುಹೋಯಿತು.

ಆದರೂ ಕೋಣೆಗೆ ಹೋದವಳೇ ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣ, ನಾಳೆ ಬರಬೇಡ. ಸಾಕು ಬಿಟ್ಟುಬಿಡೋಣ."

ಆ ಕಡೆ ಗ್ಲೆಬ್ ಹಲ್ಲು ಕಡಿದ ಸದ್ದು.

"ಅವನ ಬಲೆಗೆ ಬಿದ್ಯಾ? ನಾಳೆ ಅವನನ್ನ ಮುಗಿಸೇ ಬಿಡ್ತೀನಿ."

ಭಾನುವಾರ ಹೊಳೆಯ ಎರಡೂ ದಂಡೆಯಲ್ಲಿ ಜನ ಕಿಕ್ಕಿರಿದಿದ್ದರು. ಗೋಡೆಗೆ ಗೋಡೆ ಅಪ್ಪಳಿಸಿತು! ಮೂಗು ಒಡೆದವು, ಟೋಪಿ ಹಾರಿದವು. ಯಾರದೋ ಹಲ್ಲು ಉಲ್ಯಾನಾಳ ಕಾಲ ಬಳಿ ಬಂದು ಬಿತ್ತು.

ಗ್ಲೆಬ್ ಬೇರೆ ಯಾರನ್ನೂ ನೋಡಲಿಲ್ಲ. ಗುಂಪು ಸೀಳಿಕೊಂಡು ಸವೇಲಿಯ ಮುಂದೆ ನಿಂತ. ಪಕ್ಕೆಗೆ ಒಂದು. ದವಡೆಗೆ ಒಂದು.

"ಹೊಡೆಯೋ! ಕೈ ಎತ್ತೋ!" ಊರಿನವರು ಕೂಗಿದರು.

ಸವೇಲಿ ಕೈ ಎತ್ತಲೇ ಇಲ್ಲ.

ಮೂರನೆಯ ಏಟು ಹುಬ್ಬಿಗೆ ಬಿತ್ತು. ಚರ್ಮ ಸೀಳಿ ಬಿಳಿ ಮೂಳೆ ಕಂಡಿತು. ಬರೀ ಮುಷ್ಟಿಗೆ ಹೀಗೆ ಸೀಳುತ್ತದೆಯೇ? ನಾಲ್ಕನೆಯದಕ್ಕೆ ಗ್ಲೆಬ್‌ನ ಕೈಗವಸು ಹರಿಯಿತು. ಒಳಗಿಂದ ಕಬ್ಬಿಣದ ತುಂಡೊಂದು ಠಣ್ಣನೆ ಮಂಜುಗಡ್ಡೆಯ ಮೇಲೆ ಬಿತ್ತು!

"ಕಬ್ಬಿಣ! ಕಬ್ಬಿಣ ಇಟ್ಟಿದ್ದಾನೆ ಸೂಳೇಮಗ!"

ಗ್ಲೆಬ್‌ನ ಕಡೆಯವರೇ ಅವನ ಮೇಲೆ ಮುಗಿಬಿದ್ದರು. ಬೂಟುಗಾಲಿನ ಒದೆತ. ತಲೆಗೆ, ಹೊಟ್ಟೆಗೆ, ಉಳಿದ ಒಂದೇ ಕಣ್ಣಿನ ಪಕ್ಕಕ್ಕೆ...

ರಕ್ತದಲ್ಲಿ ಮುಖವೇ ಕಾಣದಿದ್ದ ಸವೇಲಿ ತೂರಾಡುತ್ತಾ ಬಂದು ಗ್ಲೆಬ್‌ನ ಮೇಲೆ ಬೋರಲಾಗಿ ಬಿದ್ದ. ಒದೆಗಳೆಲ್ಲ ಅವನ ಬೆನ್ನಿಗೆ ಬಿದ್ದವು. ಪಕ್ಕೆಲುಬು ಮುರಿದ ಸದ್ದು ದಂಡೆಯವರೆಗೂ ಕೇಳಿಸಿತು.

"ಹೋದ ವರ್ಷವೂ ಹೀಗೇ ಬಿದ್ದ ಆ ಪಾಪಿ ಮೇಲೆ!" ಫ್ಯೋಕ್ಲಾ ಅತ್ತೆ ಎದೆ ಬಡಿದುಕೊಂಡಳು. "ಆಣೆ ಹಾಕಿಸ್ಕೊಂಡು ನನ್ನ ಬಾಯಿ ಕಟ್ಟಿದ್ನಲ್ಲೇ! ಆಗಲೂ ಕಬ್ಬಿಣ ಇಟ್ಟವನು ನಿಮ್ಮಣ್ಣನೇ ಕಣೇ! ಅವನ ಕಣ್ಣು ತೆಗೆದದ್ದು ಅವನ ಕಡೆಯವರ ಬೂಟು!"

ಉಲ್ಯಾನಾಳ ಕಿವಿ ಗುಂಯ್ ಎಂದಿತು. ಓಡಿದಳು. ಒಂದು ಬೂಟು ಅವಳ ಭುಜಕ್ಕೆ ಬಿತ್ತು. ಲೆಕ್ಕಿಸದೆ ಸವೇಲಿಯ ತಲೆ ತಬ್ಬಿಕೊಂಡು ಕಿರುಚಿದಳು.

"ನಿಲ್ಸಿ! ನನ್ನ ಕೊಂದು ಆಮೇಲೆ ಇವನನ್ನ ಮುಟ್ಟಿ!"

ಹೆಂಗಸು ಮೇಲೆ ಬಿದ್ದದ್ದು ಕಂಡು ಗಂಡಸರು ಹಿಂದೆ ಸರಿದರು.

ಕೆಳಗಿಂದ ಗ್ಲೆಬ್ ಬಿಕ್ಕಿದ. "ನಿಜ ಉಲ್ಯಾ... ಆಸ್ಪತ್ರೆಯಲ್ಲಿ ಇವನ ಕಾಲು ಹಿಡಿದೆ. ಕ್ಷಮಿಸಿದೆ ಅಂದ. ನಿನಗೆ ಮಾತ್ರ ಹೇಳೋಕೆ ಮುಖ ಇರಲಿಲ್ಲ ನಂಗೆ. ಯಾರ ಮುಂದೆ ಮಾನ ಹೋದ್ರೂ ಪರವಾಗಿಲ್ಲ, ನಿನ್ನ ಮುಂದೆ... ಇವನು ಎಲ್ಲಿ ನಿನಗೆ ಹೇಳಿಬಿಡ್ತಾನೋ ಅಂತ ಹೆದರಿ ಇವತ್ತೂ..."

ಅವಳು ಅಣ್ಣನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅದೇ ಕೆನ್ನೆಗೆ ಮುತ್ತಿಟ್ಟು ಗೊಳೋ ಎಂದು ಅತ್ತಳು.

ಮಾಸ್ಲೆನಿತ್ಸಾದ ಆ ಕೊನೆಯ ಭಾನುವಾರವೇ ಕ್ಷಮೆಯ ದಿನವೂ ಹೌದು. ಸಂಜೆ ಚರ್ಚಿನಲ್ಲಿ ಗಂಡ ಹೆಂಡತಿಗೆ, ಅತ್ತೆ ಸೊಸೆಗೆ ಬಗ್ಗಿ ಕ್ಷಮೆ ಕೇಳಲೇಬೇಕು. ಕ್ಷಮಿಸಿದೆ ಎಂದ ಮೇಲೆ ಆ ತಪ್ಪನ್ನು ಸಾಯುವವರೆಗೂ ಯಾರೂ ಎತ್ತಬಾರದು.

ಗ್ಲೆಬ್ ಆಸ್ಪತ್ರೆಯಲ್ಲಿದ್ದ. ಎರಡನೆಯ ಕಣ್ಣು ಉಳಿದಿತ್ತು. ಸವೇಲಿ ಮಾತ್ರ ಹಾಸಿಗೆಯಿಂದೆದ್ದು, ಡಾಕ್ಟರ ಹತ್ತಿರ ಬೈಸಿಕೊಂಡು, ತಲೆಗೆ ಪಟ್ಟಿ ಸುತ್ತಿಕೊಂಡು ಬಂದಿದ್ದ. ಉಲ್ಯಾನಾ ಎಲ್ಲರೆದುರು ಅವನ ಮುಂದೆ ನೆಲಕ್ಕೆ ಹಣೆ ಹಚ್ಚಿದಳು.

"ನನ್ನನ್ನ ಕ್ಷಮಿಸು ಸವೇಲಿ."

ಮೇಣದಬತ್ತಿಗಳು ಉರಿಯುತ್ತಿದ್ದವು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು.

"ಕ್ಷಮಿಸಲ್ಲ."

ಅವಳ ಮುಖ ಬಿಳಿಚಿತು. "ಕಬ್ಬಿಣ ಇಟ್ಟು ಸುಳ್ಳು ಹೇಳಿದ ನಮ್ಮಣ್ಣನನ್ನೇ ಕ್ಷಮಿಸಿದೆ. ನನ್ನನ್ನ ಮಾತ್ರ..."

"ಹೋದ ವರ್ಷ ಅವನನ್ನ ಕ್ಷಮಿಸಿದೆ, ಅವನು ಬಸ್ ಹತ್ತಿ ಹೋದ." ಸವೇಲಿ ಅವಳತ್ತ ಕೈ ಚಾಚಿದ. "ನಿನ್ನನ್ನೂ ಕ್ಷಮಿಸಿದ್ರೆ ಅಲ್ಲಿಗೆ ಮುಗೀತು ತಾನೇ? ನೀನೂ ಹೋಗ್ತೀಯ. ನೀನು ಅಂದ್ರೆ ನಂಗೆ ಪ್ರಾಣ ಉಲ್ಯಾ. ಬಾಯಿಗೆ ಬಾರಿಸಿದ ದಿನದಿಂದ."

"ಲೋ, ಈ ದಿನ ಕ್ಷಮಿಸದಿದ್ರೆ ಪಾಪ ಕಣೋ!" ಹಿಂದಿನಿಂದ ಅತ್ತೆ ಗದರಿದಳು.

"ಪಾಪ ನನಗಿರಲಿ ಅತ್ತೆ."

ಉಲ್ಯಾನಾ ಎದ್ದು ನಿಂತಳು. ಕಣ್ಣೀರು ಒರೆಸಲಿಲ್ಲ.

"ಹಾಗಾದ್ರೆ ಮತ್ತೆ ಯಾವಾಗ ಕೇಳ್ಲಿ?"

"ಮುಂದಿನ ವರ್ಷ, ಇದೇ ದಿನ."

"ಅಲ್ಲಿವರೆಗೂ ಈ ಊರಲ್ಲೇ ಬಿದ್ದಿರ್ಬೇಕಾ ನಾನು?"

"ಬಿದ್ದಿರು."

"ಆಗಲೂ ಕ್ಷಮಿಸದಿದ್ರೆ?"

"ನೀನು ಮುದುಕಿ ಆದ್ಮೇಲೆ ಯೋಚಿಸ್ತೀನಿ."

ಅವಳು ಅಳುತ್ತಲೇ ನಕ್ಕಳು. ಮುರಿದ ಪಕ್ಕೆಗೆ ನೋವಾಗದಂತೆ ಮೆಲ್ಲಗೆ ಅವನ ಎದೆಗೆ ಒರಗಿದಳು.

"ಕ್ಷಮಿಸಲೇಬೇಡ ಕಣೋ," ಎಂದಳು.