ಹೆಸರುಗಳು ಮುಗಿದ ಮೇಲೆ

ಮಗಳಿಗೆ ಎರಡು ಜಡೆ ಹಾಕುತ್ತಿದ್ದೆ. ಒಂದು ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿಕೊಳ್ಳುವಷ್ಟರಲ್ಲಿ ಫೋನ್ ಬಂತು.

ಎಡಿಟರ್. ನನ್ನ ಗಂಡನ ಸಿನಿಮಾಗಳನ್ನೆಲ್ಲ ಕತ್ತರಿಸಿ ಜೋಡಿಸಿದವನು. ಬೆಳಗಿನ ಹೊತ್ತು ಅವನು ಎದ್ದಿರುವುದೇ ಅಪರೂಪ.

"ಅತ್ತಿಗೆ, ಸಿನಿಮಾ ಬಯಲಾಗಿದೆ."

"ಅಂದ್ರೆ?"

"ಲಿಂಕ್‌ಗೆ ಹಾಕಿದ್ದ ಪಾಸ್‌ವರ್ಡ್ ಯಾರೋ ತೆಗೆದಿದಾರೆ. ಯಾರು ಬೇಕಾದ್ರೂ ನೋಡಬಹುದು. ನೋಡಿಯೂ ಇದಾರೆ — ಮೂವತ್ತಕ್ಕೂ ಹೆಚ್ಚು ಸಲ! ಚಿತ್ರೋತ್ಸವದವರ ಕಣ್ಣಿಗೂ ಬಿದ್ದಿದೆ."

ಸಿನಿಮಾ ಮುಗಿದಿತ್ತು, ಎಲ್ಲಿಗೂ ಕಳಿಸಿರಲಿಲ್ಲ, ಅಷ್ಟರಲ್ಲಿ ನನ್ನ ಗಂಡ ಹೋಗಿಬಿಟ್ಟರು. ಆಮೇಲೆ ಎಡಿಟರೂ ನಾನೂ ಕೂತು ಒಂದೊಂದೇ ಚಿತ್ರೋತ್ಸವಕ್ಕೆ ಕಳಿಸಿದೆವು. ಕಥಾಸಾರ, ಫೋಟೋ, ಉಪಶೀರ್ಷಿಕೆ, ಲಿಂಕ್. ಎಲ್ಲ ಕಡೆಯಿಂದಲೂ "ವಿಷಾದಿಸುತ್ತೇವೆ" ಎಂದೇ ಬಂತು. ಒಂದೇ ಒಂದು ಕಡೆ ಆಯ್ಕೆಯಾಯಿತು. ಅವರ ಷರತ್ತೂ ಒಂದೇ: ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು, ಅದಕ್ಕೆ ಮುಂಚೆ ಹೊರಗಿನವರು ಯಾರೂ ನೋಡಿರಬಾರದು.

"ಸಂಜೆಯೊಳಗೆ ವಿವರಣೆ ಕೊಡಿ ಅಂದಿದಾರೆ. ಇಲ್ಲಾಂದ್ರೆ ಆಯ್ಕೆ ರದ್ದು."

ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಆರಿಸಿದೆ. ಮಗಳ ಹಾಸಿಗೆ ಮಡಿಸಿದೆ. ದಿಂಬಿನ ಕೆಳಗಿದ್ದ ಟ್ಯಾಬ್ ಇವತ್ತೂ ಚಾರ್ಜ್ ಖಾಲಿಯಾಗಿ ಸತ್ತುಬಿದ್ದಿತ್ತು. ಅದನ್ನು ಚಾರ್ಜಿಗೆ ಹಾಕಿದೆ. ಆಮೇಲೆ ನಾದಿನಿಗೆ ಫೋನ್ ಮಾಡಿದೆ.

ನಾದಿನಿ ವಿಮಾ ಕಂಪನಿಯಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡುವವಳು. ಸುಟ್ಟ ಅಂಗಡಿಯೊಳಗೆ ಹೋಗಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ಹೇಳುವುದು ಅವಳ ಕೆಲಸ. ಅಣ್ಣ ಹೋದಮೇಲೆ ಅವಳು ಅತ್ತದ್ದನ್ನು ನಾನು ನೋಡಿಲ್ಲ. ನಾನು ಅತ್ತದ್ದನ್ನು ಅವಳೂ ನೋಡಿಲ್ಲ.

ಎಲ್ಲರೂ ಬಂದರು. ಎಡಿಟರ್, ನಾದಿನಿ, ಸಿನಿಮಾದ ಹೀರೋ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟೆವು. ಮಗಳು ಒಂದೇ ಜಡೆಯಲ್ಲಿ ಕಿಟಕಿಯ ಬಳಿ ಕೂತು ಬಣ್ಣ ತುಂಬುತ್ತಿದ್ದಳು.

"ಪಾಸ್‌ವರ್ಡ್ ತೆಗೆಯೋಕೆ ಯಾರ ಕೈಲಾಗುತ್ತೆ?" ನಾದಿನಿ ಶುರುಮಾಡಿದಳು.

"ನನ್ನ ಕೈಲಿ," ಎಂದ ಎಡಿಟರ್. "ಇಲ್ಲಾಂದ್ರೆ ಈ ಲ್ಯಾಪ್‌ಟಾಪ್ ಮುಂದೆ ಕೂತೋರ ಕೈಲಿ. ಇದರಲ್ಲಿ ಖಾತೆ ಯಾವಾಗ್ಲೂ ತೆರೆದೇ ಇರುತ್ತೆ."

"ಇದರ ಮುಂದೆ ಯಾರು ಕೂತಿದ್ರು?"

"ಹೋದ ವಾರ ಹೀರೋ ಕೂತಿದ್ದ. ಪೋಸ್ಟರ್ ಆರಿಸ್ತೀನಿ ಅಂತ. ಒಬ್ನೇ."

ಹೀರೋ ಕುರ್ಚಿ ಹಿಂದೆ ತಳ್ಳಿ ಎದ್ದ. "ಓಹೋ! ನನ್ನ ತಲೆಗೆ ಕಟ್ತೀಯಾ?"

"ಮತ್ತಿನ್ಯಾರು? ನಿನ್ನ ಮುಖ ನೀನೇ ಮೂವತ್ತು ಸಲ ನೋಡ್ಕೊಂಡಿರ್ತೀಯ."

"ಎಲ್ಲಪ್ಪಾ ನೋಡ್ಕೊಳ್ಳಲಿ? ನಾನು ಚೆನ್ನಾಗಿ ಮಾಡಿದ ಕಡೆಯೆಲ್ಲ ನೀನು ಕತ್ತರಿಸಿ ಬಿಸಾಕಿದೀಯ. ಉಳಿದಿರೋದು ನನ್ನ ಬೆನ್ನು ಮಾತ್ರ!"

ನಾದಿನಿ ತಲೆ ಎತ್ತಿದಳು. "ಒಂದ್ನಿಮಿಷ. ಸಿನಿಮಾದಲ್ಲಿ ಯಾವ ಕಡೆ ನೋಡಿದಾರೆ ಅಂತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಗ್ರಾಫ್ ಇರುತ್ತೆ. ಆಯ್ಕೆ ಸಮಿತಿಯೋರು ಪೂರ್ತಿ ನೋಡಿದ್ರೋ, ಹತ್ತು ನಿಮಿಷಕ್ಕೆ ಎದ್ದುಹೋದ್ರೋ ಅಂತ ನಾವೆಲ್ಲ ಅದನ್ನೇ ಕಾಯ್ತಾ ಕೂತಿರ್ತೀವಿ."

"ಇವತ್ತು ನೋಡಿದ್ರಾ?"

ಎಡಿಟರ್ ತಲೆ ಕೆರೆದುಕೊಂಡ. "ಇಲ್ಲ. ಎಷ್ಟು ಸಲ ಅಂತ ನೋಡಿದೆ, ಅತ್ತಿಗೆಗೆ ಫೋನ್ ಮಾಡಿದೆ. ಅಷ್ಟೇ."

ಪಾಸ್‌ವರ್ಡ್ ಹೋದಮೇಲಿನ ದಿನಗಳ ಗ್ರಾಫ್ ತೆರೆದ. ಗೆರೆ ನೆಲಕ್ಕಂಟಿಕೊಂಡು ಮಲಗಿತ್ತು. ಸಿನಿಮಾದುದ್ದಕ್ಕೂ ಹಾಗೇ. ತೀರಾ ಕೊನೆಯಲ್ಲಿ ಒಮ್ಮೆಗೇ ಕಂಬದ ಹಾಗೆ ಎದ್ದು ನಿಂತಿತ್ತು.

ಎಡಿಟರ್ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

"ಅಲ್ಲೇನಿದೆ?"

"ಏನಿಲ್ಲ. ಹೆಸರುಗಳೆಲ್ಲ ಮುಗಿದಿರುತ್ತೆ. ಬರೀ ಕಪ್ಪು ಪರದೆ."

ನಾದಿನಿ ನನ್ನ ಕಡೆ ತಿರುಗಿದಳು. "ಅತ್ತಿಗೆ, ನೀವು ನೋಡಿದೀರಾ?"

"ಇಲ್ಲ," ಎಂದೆ. ಹೆಸರುಗಳು ಶುರುವಾದ ಕೂಡಲೇ ನಾನು ನಿಲ್ಲಿಸಿಬಿಡುತ್ತೇನೆ. ಮೊದಲನೆಯದೇ ಅವರ ಹೆಸರು. ಪಕ್ಕದಲ್ಲಿ, ಅವರು ಹೋದಮೇಲೆ ಎಡಿಟರ್ ಸೇರಿಸಿದ ಎರಡು ಇಸವಿ.

"ಹಾಕಿ."

ಕಪ್ಪು. ಕುರ್ಚಿ ಎಳೆದ ಸದ್ದು. ಆಮೇಲೆ ನನ್ನ ಗಂಡನ ದನಿ: "ಸಾಕು, ಲೈಟ್ ಆರ್ಸಿ." ಯಾರೋ ನಕ್ಕರು. ಮತ್ತೆ ಅದೇ ದನಿ, ಈಗ ತೀರಾ ಹತ್ತಿರದಿಂದ: "ಗುಬ್ಬೀ… ನಿದ್ದೆ ಬಂತಾ?"

ಅಷ್ಟೇ. ಮುಗಿಯಿತು.

"ಕೊನೇ ದಿನದ ಶೂಟಿಂಗ್," ಎಂದ ಎಡಿಟರ್. "ಇದೇ ಕೋಣೇಲಿ. ರೆಕಾರ್ಡರ್ ಆಫ್ ಮಾಡಿರಲಿಲ್ಲ. ಕತ್ತರಿಸೋಕೆ ಕೈ ಬರಲಿಲ್ಲ ಅತ್ತಿಗೆ. ನಿಮಗೆ ಹೇಳೋಕೆ ಬಾಯೂ ಬರಲಿಲ್ಲ."

ಹೀರೋ ಮೆಲ್ಲಗೆ ಕೂತ. ನಾನು ಮೇಜಿನ ಮೇಲಿದ್ದ ನೀರಿನ ಕಲೆಯನ್ನು ಸೆರಗಿನಿಂದ ಒರೆಸಿದೆ.

"ಬೆಂಕಿ ಎಲ್ಲಿ ಹೆಚ್ಚು ಹೊತ್ತು ಉರಿದಿದೆ ಅಂತ ನಾನು ಮೊದಲು ನೋಡೋದು," ಎಂದಳು ನಾದಿನಿ. "ನೀವಿಬ್ಬರೂ ಎಷ್ಟು ಸಲ ಅಂತ ಜಗಳ ಆಡಿದ್ರಿ. ಎಲ್ಲಿ ಅಂತ ಕೇಳಲಿಲ್ಲ. ಕದ್ದು ಹಂಚೋರಿಗೆ ಕಪ್ಪು ಪರದೆ ಯಾಕೆ ಬೇಕು? ಇಲ್ಲಿ ಕೆಳಗಡೆ ನೋಡಿ. ಎಲ್ಲಾ ಸಲವೂ ಇದೇ ಊರಿಂದ, ಟ್ಯಾಬ್‌ನಲ್ಲೇ, ಮಲಗೋ ಹೊತ್ತಿಗೆ ನೋಡಿದಾರೆ. ಅತ್ತಿಗೆ, ಗೋಡೆ ಹತ್ರ ಟ್ಯಾಬ್ ಚಾರ್ಜಿಗಿದೆಯಲ್ಲ. ಯಾವಾಗ ಹಾಕಿದ್ರಿ?"

"ಬೆಳಿಗ್ಗೆ. ಖಾಲಿಯಾಗಿತ್ತು." ಸ್ವಲ್ಪ ತಡೆದು ಹೇಳಿದೆ, "ದಿನಾ ಖಾಲಿಯಾಗಿರುತ್ತೆ."

"ಕೊನೇ ಪ್ರತಿ ಇಲ್ಲಿ ಹಾಕಿ ತೋರಿಸಿದಾಗ, ಹೆಸರು ಬಂತು ಅಂತ ನೀವು ಎದ್ದುಹೋದ್ರಿ. ಕೊನೇವರೆಗೂ ಯಾರು ಕೂತಿದ್ರು?"

ಕಿಟಕಿಯ ಬಳಿ ಮಗಳ ಬಣ್ಣದ ಪೆನ್ಸಿಲ್ ಓಡುವುದು ನಿಂತಿತ್ತು.

ನಾದಿನಿ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಬೈಯಲ್ಲ ಪುಟ್ಟಾ. ಹೇಗೆ ತೆಗೆದೆ?"

"ಟ್ಯಾಬ್‌ನಲ್ಲಿ ಅಪ್ಪನ ಸಿನಿಮಾಗೆ ಬೀಗ ಇತ್ತು ಅತ್ತೆ. ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಬೀಗದ ಚಿತ್ರ ಒತ್ತಿದೆ. ಅಪ್ಪ ಹಾಗೇ ತೆಗೀತಿದ್ರು."

ಚಿತ್ರೋತ್ಸವಕ್ಕೆ ನಾದಿನಿಯೇ ಬರೆದಳು, ಸುಟ್ಟ ಅಂಗಡಿಯ ವರದಿ ಬರೆಯುವ ಹಾಗೆಯೇ. ನೋಡಿದವರು ಒಬ್ಬರೇ, ನಿರ್ದೇಶಕರ ಮಗಳು. ಅವಳು ನೋಡಿದ್ದು ಸಿನಿಮಾವನ್ನಲ್ಲ, ಅದು ಮುಗಿದ ಮೇಲಿನ ಕತ್ತಲೆಯನ್ನು. ಗ್ರಾಫ್ ಲಗತ್ತಿಸಿದೆ.

ಮಧ್ಯಾಹ್ನ ಉತ್ತರ ಬಂತು. ಆಯ್ಕೆ ಹಾಗೇ ಇರುತ್ತದೆ; ಲಿಂಕ್ ಈಗಲೇ ಮುಚ್ಚಿ. ಹೀರೋ ಕಣ್ಣೊರೆಸಿಕೊಂಡ. ಎಡಿಟರ್ ಬೀಗ ಹಾಕಿದ, ಆ ದನಿಯಷ್ಟನ್ನೇ ಬೇರೆ ಮಾಡಿ ಮಗಳ ಟ್ಯಾಬಿಗೆ ಹಾಕಿಕೊಟ್ಟ. ಸಂತೋಷಪಡಬೇಕು ಎಂದು ನನಗೆ ಗೊತ್ತಿತ್ತು. ಎಲ್ಲರಿಗೂ ಟೀ ಮಾಡಿಕೊಟ್ಟೆ. ಲೋಟ ತೊಳೆದೆ.

ಎಲ್ಲರೂ ಹೋದಮೇಲೆ ಬಾಚಣಿಗೆ ತಂದೆ. ಸಂಜೆಯಾಗುತ್ತಿತ್ತು, ಇನ್ನು ಜಡೆ ಹಾಕಿ ಪ್ರಯೋಜನವಿರಲಿಲ್ಲ. ಆದರೂ ಮಗಳು ಬಂದು ಬೆನ್ನು ತಿರುಗಿಸಿ ಕೂತಳು. ಅಪ್ಪ ಹೋದಮೇಲೆ ಅವಳು ಅಪ್ಪನ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ. ನಾನೂ ಎತ್ತಿರಲಿಲ್ಲ.

"ಅಪ್ಪ ಕೇಳ್ತಾರಲ್ಲ, ಗುಬ್ಬೀ ನಿದ್ದೆ ಬಂತಾ ಅಂತ," ಎಂದಳು.

"ಹೂಂ."

"ನಾನು ಇಲ್ಲ ಅಂತೀನಿ. ದಿನಾ ಹೇಳ್ತೀನಿ. ಆಮೇಲೆ ಅಪ್ಪ ಏನೂ ಹೇಳಲ್ಲ. ಮತ್ತೆ ಹಾಕ್ತೀನಿ. ಮತ್ತೆ ಹೇಳ್ತೀನಿ."

ಕೂದಲಿನ ಮೂರು ಪಾಲು ನನ್ನ ಬೆರಳುಗಳ ನಡುವೆ ಹಾಗೇ ನಿಂತಿತು.

"ನಾನು ಹೇಳಿದ್ದು ಅಪ್ಪಂಗೆ ಕೇಳ್ಸುತ್ತಾ, ಅಮ್ಮಾ?"