ಮೊದಲು ಹಾಡಿದ ಹೆಸರು

ನಾನು ಅವಳಿಗೆ ಆಡಿದ ಮೊದಲ ಮಾತೇ ಬೈಗುಳ.

ದೋಣಿ ಕಟ್ಟುವ ಧಕ್ಕೆಯಿಂದ ಮೇಲೆ ಬರಲು ಇರುವುದೊಂದೇ ದಾರಿ. ಅದಕ್ಕೆ ಅಡ್ಡವಾಗಿ, ಮನೆಯನ್ನೇ ಹೊತ್ತು ತಂದಂಥ ಒಂದು ಆರ್‌ವಿ ಗಾಡಿ ನಿಂತಿತ್ತು. ಕಿಟಕಿಗೆ ಹೂವಿನ ಪರದೆ ಬೇರೆ. ನನ್ನ ಪಿಕಪ್‌ನಲ್ಲಿ ಒಂಬತ್ತು ಕ್ರೇಟ್ ಲಾಬ್‌ಸ್ಟರ್, ಮೇಲೆ ಜೂನ್ ತಿಂಗಳ ಬಿಸಿಲು. ಇಳಿದು ಹೋಗಿ ಬಾಗಿಲು ಗುದ್ದಿದೆ.

"ಯಾರ್ರೀ ಒಳಗೆ? ಫೋಟೋ ತೆಗೆದಿದ್ದು ಸಾಕಾಗ್ಲಿಲ್ವಾ? ಇದು ಜನ ದುಡಿಯೋ ಜಾಗ, ನಿಮ್ಮ ಪಿಕ್‌ನಿಕ್‌ಗೆ ಮಾಡಿರೋದಲ್ಲ!"

ಬಾಗಿಲು ತೆರೆದವಳ ಎರಡು ಕೈಯೂ ಗ್ರೀಸು. ಎಡಗೆನ್ನೆಯ ಮೇಲೂ ಒಂದು ಗೀರು. ಅವಳು ನಮ್ಮ ಹಿರಿಯರ ಗೇಲಿಕ್ ಭಾಷೆಯಲ್ಲಿ ಕ್ಷಮೆ ಕೇಳಿದಳು. ಒಂದೊಂದೇ ಪದ, ಹೊಸ ಚಪ್ಪಲಿ ಹಾಕಿಕೊಂಡವರು ಹೆಜ್ಜೆ ಇಡುವ ಹಾಗೆ.

ನನಗೆ ಇನ್ನೂ ಉರಿಯಿತು. ಆ ಮಾತು ಬಾಯಲ್ಲಿ ಬಂತೆಂದು ನನ್ನ ಅಜ್ಜಿ ಶಾಲೆಯಲ್ಲಿ ಏಟು ತಿಂದವಳು. ಹದಿನೈದಕ್ಕೆ ನಾನೇ ಶಾಲೆಗೆ ಬೆನ್ನು ಹಾಕಿ ದೋಣಿ ಹತ್ತಿದೆ. ನನಗೆ ಉಳಿದ ಆಸ್ತಿ ಆ ಭಾಷೆಯೊಂದೇ. ಅದನ್ನೂ ರಜೆಗೆ ಬಂದವರು ಕಪ್ಪೆಚಿಪ್ಪು ಹೆಕ್ಕುವಂತೆ ಹೆಕ್ಕಿಕೊಂಡು ಹೋಗಬೇಕೆ?

"ಇಂಗ್ಲಿಷಲ್ಲೇ ಹೇಳಿ. ನಮ್ಮ ಮೇಲೆ ಪ್ರಾಕ್ಟೀಸ್ ಮಾಡ್ಬೇಡಿ."

ಅವಳು ಕಣ್ಣು ತಗ್ಗಿಸಲಿಲ್ಲ. "ಸರಿ. ಗೇರು ಕಚ್ಕೊಂಡಿದೆ. ಕಿರುಚೋಕೆ ಬರೋ ಹಾಗೆ ಎಳೆಯೋಕೂ ಬರುತ್ತಾ ನಿಮಗೆ?"

ಹಗ್ಗ ಕಟ್ಟಿ ಎಳೆದೆ. ನನ್ನ ದೊಡ್ಡಮ್ಮ ಎಫ್ಫಿಯ ಹುಲ್ಲುಗಾವಲಿನವರೆಗೂ ಎಳೆದು ನಿಲ್ಲಿಸಿದೆ. ದೊಡ್ಡಮ್ಮ ಏಪ್ರನ್‌ಗೆ ಕೈ ಒರೆಸುತ್ತ ಬಂದು, ನಮ್ಮ ಕೇಪ್ ಬ್ರೆಟನ್ ದ್ವೀಪದಲ್ಲಿ ಯಾರು ಬಂದರೂ ಮೊದಲು ಕೇಳುವುದನ್ನೇ ಕೇಳಿದಳು.

"ಯಾರ ಪೈಕಿ ಮಗಾ ನೀನು?"

"ಶೀಲಸ್. ಅಲನ್ ಮಗಳು. ಅಲನ್ ಅಪ್ಪ ಡಂಕನ್, ಡಂಕನ್ ಅಪ್ಪ ಬಡಗಿ ನೀಲ್."

"ಅಯ್ಯೋ, ಬಡಗಿ ನೀಲನ ಮರಿಮಗಳು! ನಮ್ಮ ಚರ್ಚಿನ ಬೆಂಚೆಲ್ಲ ಅವನ ಕೈಯ್ಯವು ಕಣೇ." ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಹೆಕ್ಟರ್, ನೀನು ಬೈದಿದ್ದು ಇವಳಿಗಾ? ದಿನಾ ನೀನು ಮಂಡಿ ಊರೋ ಬೆಂಚು ಇವಳ ಮನೆಯದು."

"ದಿನಾ ಚರ್ಚಿಗೆಲ್ಲಿ ಹೋಗ್ತಾನೆ ಅಂತೀರಿ, ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಶೀಲಸ್.

ದೊಡ್ಡಮ್ಮ ನಕ್ಕಳು. ನಾನು ನಗಲಿಲ್ಲ. ಅವಳ ಅಪ್ಪ ಊರು ಬಿಟ್ಟು ಆಲ್ಬರ್ಟಾಗೆ ಹೋದವನು, ಅವಳೇ ದೊಡ್ಡಮ್ಮನಿಗೆ ಹೇಳಿದಂತೆ ಅಲ್ಲಿನ ಎಡ್ಮಂಟನ್‌ನಲ್ಲಿ ಸಿಟಿ ಬಸ್ ಓಡಿಸುವವಳು. ಬಿಟ್ಟುಹೋದವರ ಮಗಳು, ಅಷ್ಟೇ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಗೇರಿನ ಕೇಬಲ್ ಬರಲು ನಾಲ್ಕು ದಿನ ಹಿಡಿಯಿತು. ದಿನವೂ ಕಡಲಿನಿಂದ ಲಾಬ್‌ಸ್ಟರ್ ಬೋನುಗಳನ್ನು ಎತ್ತಿ ಬಂದ ಮೇಲೆ ನಾನು ಹಳೆಯ ಕೇಬಲ್ಲಿನ ತುಕ್ಕು ಹಿಡಿದ ನಟ್ಟು ಬಿಚ್ಚುತ್ತ ಆ ಗಾಡಿಯ ಕೆಳಗೆ ಮಲಗಿರುತ್ತಿದ್ದೆ. ಅವಳು ಪಕ್ಕದ ಹುಲ್ಲಿನ ಮೇಲೆ ಕೂತು ಸ್ಪ್ಯಾನರ್ ಕೊಡುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ಬರಿಗಾಲುಗಳು ಮಾತ್ರ. ಯೋಚಿಸುವಾಗ ಹೆಬ್ಬೆರಳು ಹುಲ್ಲನ್ನು ಹಿಡಿದು ಬಿಡುತ್ತಿತ್ತು. ಒಮ್ಮೆ ಬಗ್ಗಿ ಇಣುಕಿದಳು. ಕೂದಲು ನೆಲಕ್ಕೆ ತಾಗಿತು. ಮುಖ ತಲೆಕೆಳಗಾಗಿ ಕಂಡಿತು, ಹುಬ್ಬಿನ ಜಾಗದಲ್ಲಿ ನಗು.

"ತುಟಿ ಅಲ್ಲಾಡ್ತಾ ಇದೆ. ನನ್ನ ಗೇಲಿಕ್ ತಿದ್ತಾ ಇದ್ದೀಯಾ?"

"ನಟ್ಟಿಗೆ ಬೈತಾ ಇದ್ದೀನಿ."

"ನಟ್ಟಿಗೆ ಗೇಲಿಕ್ ಬರುತ್ತಾ?"

"ನಿನಗಿಂತ ಚೆನ್ನಾಗಿ."

ಅವಳು ನಕ್ಕಾಗ ನನ್ನ ಕೈ ಜಾರಿ ಬೆರಳು ತರಚಿತು. ಅವಳು ಆ ಬೆರಳನ್ನು ತನ್ನ ಅಂಗಿಯ ತುದಿಯಿಂದ ಒತ್ತಿ ಹಿಡಿದಳು. ರಕ್ತ ನಿಂತ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ನಾನೂ ನೆನಪಿಸಲಿಲ್ಲ.

ಮೂರನೆಯ ದಿನ ಕೇಬಲ್ ನಾಳೆ ಬರುತ್ತದೆಂದು ಫೋನ್ ಬಂತು. ಆ ಕ್ಷಣದಿಂದ ನನಗೆ ಎಲ್ಲದರ ಮೇಲೂ ಕೋಪ.

"ರೆಡಿ ಆದ್ರೆ ಹೊರಟುಬಿಡ್ತೀಯ," ಎಂದೆ. "ನಿಮ್ಮೋರಿಗೆ ಗೊತ್ತಿರೋ ಕೆಲಸ ಅದೊಂದೇ."

ಅವಳ ಮುಖ ಸಣ್ಣದಾಯಿತು. "ಅಪ್ಪ ಹೋದಾಗ ನಾನಿನ್ನೂ ಹುಟ್ಟಿರಲಿಲ್ಲ ಹೆಕ್ಟರ್. ಅವರ ಮೇಲಿನ ಸಿಟ್ಟು ಅವರಿಗೇ ಇಟ್ಕೋ." ಎದ್ದು ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು. ಬಡಿದಿದ್ದರೆ ಚೆನ್ನಾಗಿತ್ತು.

ಅವಳಿಗೆ "ಇಲ್ಲೇ ಇರು" ಅನ್ನಬೇಕಿತ್ತು. ಯಾವ ಬಾಯಿಂದ ಅನ್ನಲಿ? ನನ್ನ ಹತ್ತಿರ ಏನಿದೆ? ಅಪ್ಪನಿಂದ ಬಂದ ದೋಣಿಯ ಅರ್ಧ ಪಾಲು, ಮೂಗಿನ ತುದಿಯ ಕೋಪ, ಮುಗಿಸದ ಓದು.

ಮರುದಿನ ಶನಿವಾರ. ಬೆಳಿಗ್ಗೆಯೇ ಕೇಬಲ್ ಬಂತು, ಕೂರಿಸಿದೆ. ಗಾಡಿ ಒಂದೇ ಸಲಕ್ಕೆ ಗುರ್ ಎಂದಿತು. ಅವಳು "ಥ್ಯಾಂಕ್ಸ್" ಎಂದಳು, ನಾನು "ಹ್ಞೂಂ" ಎಂದೆ.

ಮಧ್ಯಾಹ್ನ ಊರ ಹಾಲ್‌ನಲ್ಲಿ, ಹೊಸದಾಗಿ ನೇಯ್ದ ಉಣ್ಣೆ ಬಿಗಿಯಾಗಲೆಂದು ಕಂಬಳಿ ಬಡಿಯುವ ಕಾರ್ಯಕ್ರಮ. ಉದ್ದದ ಮೇಜು, ಎರಡೂ ಕಡೆ ಸಾಲಾಗಿ ಜನ, ನಡುವೆ ಒದ್ದೆ ಕಂಬಳಿ. ಒಬ್ಬರು ಹಾಡಿನ ಸಾಲು ಎತ್ತುತ್ತಾರೆ, ಉಳಿದವರು ಪಲ್ಲವಿ ಹಿಡಿದು ಕಂಬಳಿಯನ್ನು ಮೇಜಿಗೆ ಬಡಿಯುತ್ತಾರೆ. ನಾನು ಈ ತುದಿ, ಶೀಲಸ್ ಆ ತುದಿ. ಅಂಗಿಯ ತೋಳು ಮಡಚಿ ಎಲ್ಲರೊಡನೆ ಬಡಿಯುತ್ತಿದ್ದಳು. ಒಂದು ಪಲ್ಲವಿಯೂ ತಪ್ಪಲಿಲ್ಲ. ನಮ್ಮ ಕಣ್ಣುಗಳು ಎರಡು ಸಲ ಕೂಡಿದವು. ಎರಡು ಸಲವೂ ನಾನೇ ಮೊದಲು ನೋಟ ತಪ್ಪಿಸಿದೆ.

ಬಡಿದು ಮುಗಿದ ಕಂಬಳಿಯನ್ನು ಸುತ್ತಿಟ್ಟು ಅಂಗೈಯಿಂದ ತಟ್ಟುವಾಗ ಜೋಡಿ ಹಾಡು ಬರುತ್ತದೆ. ಮದುವೆಯಾಗದ ಹುಡುಗಿಯ ಮುಂದೆ ಒಬ್ಬ ಹುಡುಗನ ಹೆಸರು ಹಾಡುತ್ತಾರೆ. ಅವಳು ಬೇಡ ಎಂದು ಹಾಡುತ್ತಾಳೆ, ಜನ ನಗುತ್ತಾರೆ. ಇನ್ನೊಂದು ಹೆಸರು, ಅದೂ ಬೇಡ. ಮೂರನೆಯದಕ್ಕೆ ಒಪ್ಪುತ್ತಾಳೆ, ಚಹಾ ಬರುತ್ತದೆ. ನಮ್ಮ ಮೇಜಿನಲ್ಲಿ ಅಜ್ಜಿಯರ ಕಾಲದಿಂದಲೂ ಹೀಗೇ. ಮೊದಲನೆಯ ಹೆಸರಿನವನು ನಗೆಪಾಟಲಾಗಲಿಕ್ಕೇ ಇರುವವನು.

ದೊಡ್ಡಮ್ಮ ಶೀಲಸ್‌ಳ ಹೆಸರೆತ್ತಿದಳು. ದೇವರೇ, ಮೂರನೆಯದು ನನ್ನದಾಗಲಿ, ಆಟಕ್ಕಾದರೂ ಸರಿ.

ದೊಡ್ಡಮ್ಮ ನೇರ ನನ್ನನ್ನೇ ನೋಡಿ ಮೊದಲನೆಯ ಹೆಸರು ಹಾಡಿದಳು. ಹೆಕ್ಟರ್.

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಸ್ವಂತ ದೊಡ್ಡಮ್ಮ! ಶೀಲಸ್‌ಳ ಬಾಯಿಂದ "ಬೇಡ" ಕೇಳಲು ನನ್ನಿಂದ ಆಗುತ್ತಿರಲಿಲ್ಲ, ಆಟಕ್ಕೂ ಆಗುತ್ತಿರಲಿಲ್ಲ. ಕುರ್ಚಿ ಒದ್ದು ಹೊರಗೆ ನಡೆದೆ.

ಅಂಗಳ ದಾಟುವಷ್ಟರಲ್ಲಿ ಹಿಂದೆ ಹಾಡು ನಿಂತಿತು. ನಗುವೂ ಕೇಳಲಿಲ್ಲ. ಕೆಡಿಸಿಬಿಟ್ಟೆ ಅಂದುಕೊಂಡು ಬೇಲಿಗೆ ಒರಗಿ ಸಮುದ್ರ ನೋಡುತ್ತ ನಿಂತೆ.

"ಉತ್ತರ ಕೇಳದೆ ಎದ್ದು ಹೋಗೋದು ಯಾವೂರ ಪದ್ಧತಿ?"

ತಿರುಗಿದೆ. ಶೀಲಸ್. ಅಂಗೈಗಳು ಕೆಂಪಾಗಿದ್ದವು, ಉಣ್ಣೆಯ ಎಳೆ ಅಂಟಿತ್ತು.

"ಉತ್ತರ ಗೊತ್ತು. ಮೊದಲನೇದು ಯಾವತ್ತೂ ಬೇಡಾನೇ."

"ನಾನು ಹ್ಞೂಂ ಅಂತ ಹಾಡಿದೆ."

"ನಿನಗೆ ಪದ್ಧತಿ ಗೊತ್ತಿಲ್ಲ. ಮೂರನೇದಕ್ಕೆ ಒಪ್ಪಬೇಕು."

"ಗೊತ್ತು ಕಣೋ! ದೊಡ್ಡಮ್ಮ ನಿನ್ನೆ ರಾತ್ರೀನೇ ಹೇಳಿಕೊಟ್ರು. ಹೆಕ್ಟರ್‌ನ ಮೂರನೇದಕ್ಕೆ ಇಡ್ತೀನಿ ಅಂದ್ರು. ಮೂರನೇದಕ್ಕೆ ಎಲ್ಲರೂ ಒಪ್ತಾರೆ, ಅದು ಆಟ. ನನಗೆ ಆಟ ಬೇಡ, ಮೊದಲನೇದಕ್ಕೇ ಇಡಿ ಅಂತ ನಾನೇ ಕೇಳ್ಕೊಂಡೆ." ಅವಳು ಅಂಗೈಗೆ ಅಂಟಿದ್ದ ಎಳೆ ಕಿತ್ತು ಎಸೆದಳು. "ಅಷ್ಟು ಜನರ ಮುಂದೆ ಹಾಡಿದೆ. ನೀನು ಇರಲೇ ಇಲ್ಲ."

ಅವಳ ಅಂಗೈ ಹಿಡಿದೆ. ಬಿಸಿಯಾಗಿತ್ತು.

"ನಾಳೆ ಹೋಗ್ತೀಯ?"

"ಹೋಗ್ಲೇಬೇಕು. ಗಾಡಿ ಬಾಡಿಗೇದು, ಹ್ಯಾಲಿಫ್ಯಾಕ್ಸಲ್ಲಿ ಒಪ್ಪಿಸ್ಬೇಕು. ಆಮೇಲೆ ಬಸ್ಸು ಹಿಡಿದು ವಾಪಸ್ ಬರೋಣ ಅಂತಿದ್ದೆ. ಯಾರಿಗಾದ್ರೂ ಬೇಕಿದ್ರೆ."

"ಬಸ್ಸು ಬೇಡ," ಎಂದೆ. "ಪಿಕಪ್ ತಗೊಂಡು ನಿನ್ನ ಹಿಂದೇನೇ ಬರ್ತೀನಿ. ಜೊತೆಗೇ ವಾಪಸ್ ಬರೋಣ."

ಅವಳು ಹಣೆಯನ್ನು ನನ್ನ ಭುಜಕ್ಕೆ ಇಟ್ಟಳು.

ಹಾಲ್‌ನ ಕಿಟಕಿಯಿಂದ ದೊಡ್ಡಮ್ಮ ಕೂಗಿದಳು. "ಏನ್ರೋ, ಮುಗೀತಾ? ಇನ್ನಿಬ್ಬರು ಹುಡುಗ್ರು ಬೇಡ ಅನ್ನಿಸ್ಕೊಳ್ಳೋಕೆ ತಲೆ ಬಾಚ್ಕೊಂಡು ಕೂತಿದ್ದಾರೆ! ಅವರಿಗೇನು ಹೇಳ್ಲಿ?"

"ಮನೆಗೆ ಹೋಗೋಕೆ ಹೇಳು ದೊಡ್ಡಮ್ಮಾ!" ಎಂದು ಕೂಗಿದೆ.