ಹೋಯ್ಟ್ ಹಿಡಿದ ಕತ್ತು

ಹೋಯ್ಟ್ ಪ್ರೂಯಿಟ್ ಸತ್ತ ಆರನೆಯ ವಾರ ಅವನ ಹೆಂಡತಿ ವೆಲ್ಡಾ ಅವನ ಗಿಟಾರನ್ನು ಗಿಟಾರಂಗಡಿಯ ರಿಪೇರಿಗಾರ ಡೆಲ್ಮರ್ ಸ್ಟ್ರೇಡರನ ಬೆಂಚಿನ ಮೇಲೆ ಮಲಗಿಸಿ, ಅದರ ಕತ್ತನ್ನು, ಎಂದರೆ ತಂತಿ ಒತ್ತುವ ಉದ್ದನೆಯ ಹಿಡಿಯನ್ನು, ಹೆರೆದು ತೆಳ್ಳಗೆ ಮಾಡಿಕೊಡು ಎಂದಳು. ಕ್ಷೌರದಂಗಡಿಯಲ್ಲಿ ಕೂತು ಇನ್ನೊಂದು ಚೂರು ಗಿಡ್ಡ ಮಾಡಪ್ಪಾ ಅನ್ನುವ ಧಾಟಿಯಲ್ಲಿ ಹೇಳಿದಳು. ಡೆಲ್ಮರನಿಗೆ ಮೈಯೆಲ್ಲ ಉರಿದುಹೋಯಿತು.

ಅದು ಐವತ್ತೆರಡನೇ ಇಸವಿಯ ಗಿಟಾರು. ಬೇಕರ್ಸ್‌ಫೀಲ್ಡಿನ ಕುಣಿತದ ಹಾಲುಗಳಲ್ಲಿ ಐವತ್ತು ವರ್ಷ ಹೋಯ್ಟ್ ಅದನ್ನು ನುಡಿಸಿದ್ದ. ಕತ್ತು ತುಂಬು ದಪ್ಪ, ಒಂದೇ ಮೇಪಲ್ ಮರದ ತುಂಡಿನದು. ಹಿಂಭಾಗದ ಮೆರುಗೆಣ್ಣೆಯೆಲ್ಲ ಸವೆದು, ಹೋಯ್ಟನ ಅಂಗೈ ಓಡಾಡಿದಷ್ಟು ಉದ್ದಕ್ಕೂ ಮರ ಕಂದಿಹೋಗಿತ್ತು. ಮೂವತ್ತು ವರ್ಷ ಅದರ ತಂತಿ, ತಿರುಪು, ಕತ್ತಿನ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್ಟುಗಳನ್ನೆಲ್ಲ ನೋಡಿಕೊಂಡವನು ಡೆಲ್ಮರ್. ಆ ಮೂವತ್ತು ವರ್ಷದಲ್ಲಿ ಒಂದು ಹಾಡು ನುಡಿಸಲೂ ಹೋಯ್ಟ್ ಅವನಿಗೆ ಬಿಟ್ಟಿರಲಿಲ್ಲ. ಬೆಂಚಿನ ಎದುರೇ ಕಾದು ಕೂತು, ರಿಪೇರಿ ಮುಗಿದ ಕೂಡಲೇ ಕಿತ್ತುಕೊಂಡು, ಬೆರಳಿನ ದಪ್ಪ ಉಂಗುರ ಬಿಚ್ಚಿ ಪಕ್ಕಕ್ಕಿಟ್ಟು ತಾನೇ ನುಡಿಸಿ ನೋಡುತ್ತಿದ್ದ. ಉಂಗುರ ಹಾಕಿಕೊಂಡು ಅವನು ಆ ಗಿಟಾರನ್ನು ಒಂದು ದಿನವೂ ಮುಟ್ಟಿದವನಲ್ಲ.

“ನಾನು ಸತ್ತಮೇಲೆ ಇದು ನಿಂಗೇ ಕಣೋ. ಅಲ್ಲೀವರ್ಗೂ ಜೊಲ್ಲು ಸುರಿಸ್ತಾ ಇರು,” ಎಂದು ನಗುತ್ತಿದ್ದ. ತಮಾಷೆಯೆಂದು ಡೆಲ್ಮರನಿಗೂ ಗೊತ್ತಿತ್ತು. ಆದರೂ ಆ ಮಾತನ್ನು ಅವನು ಮನಸ್ಸಿನಲ್ಲಿ ಜೋಪಾನ ಮಾಡಿಕೊಂಡಿದ್ದ.

ಹರಳು ಕಚ್ಚಿದ ಹಲ್ಲುಗಳಲ್ಲೊಂದು ಇಬ್ಭಾಗವಾಗಿ ಒಡೆದಿದ್ದ ಆ ಉಂಗುರ ಈಗ ವೆಲ್ಡಾಳ ಎಡಗೈ ಹೆಬ್ಬೆರಳಿನಲ್ಲಿತ್ತು. ಬೇರೆ ಬೆರಳಿಗೆ ದೊಗಳೆಯಾಗುತ್ತದೆಂದು ದಾರ ಸುತ್ತಿ ಅಲ್ಲಿ ಹಾಕಿಕೊಂಡಿದ್ದಳು.

“ಫೆಬ್ರವರೀಲಿ ಅವನ ಹುಟ್ಟಿದಬ್ಬ,” ಎಂದಳು. “ಕಾಟನ್‌ವುಡ್ ಹಾಲ್‌ನಲ್ಲಿ ಎಲ್ಲಾ ಸೇರಿ ಅವನ ಹಾಡುಗಳನ್ನ ಹಾಡ್ತಾರಂತೆ. ನಾನೂ ಎರಡು ನುಡಿಸ್ಬೇಕು ಅಂತಿದೀನಿ. ಅವ್ನು ಊರಲ್ಲಿಲ್ಲದಾಗ ಅಡುಗೆಮನೇಲಿ ಕೂತು ಕಲಿತಿದ್ದು ಕಣಪ್ಪಾ. ಈಗ ಕೈಗೆ ಸಂಧಿವಾತ, ಈ ದಪ್ಪ ಕತ್ತು ಹಿಡಿಯೋಕಾಗಲ್ಲ.”

“ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕತ್ತು ಕೈಗೇ ಬರುತ್ತೆ, ಮಿಸ್ ವೆಲ್ಡಾ. ಬೇರೆ ತೆಳು ಕತ್ತು ಕೂರಿಸ್ಕೊಡ್ತೀನಿ. ಇದನ್ನ ಹಾಗೇ ಎತ್ತಿಟ್ಕೊಳ್ಳಿ.”

“ಬೇರೇದು ಯಾಕೆ? ಅವನ ಕೈ ಓಡಾಡಿದ ಮರದ ಮೇಲೇ ನನ್ನ ಕೈ ಓಡಾಡ್ಬೇಕು. ಅದಕ್ಕೇ ತಾನೇ ಇಷ್ಟೆಲ್ಲಾ? ನಿನ್ ಕೈಲಾಗಲ್ಲ ಅಂದ್ರೆ ಹೇಳ್ಬಿಡು, ಆಯಿಲ್‌ಡೇಲ್‌ನವನ ಹತ್ರ ಹೋಗ್ತೀನಿ.”

ಆಯಿಲ್‌ಡೇಲಿನ ರಿಪೇರಿಯವನು ಮಿಷನ್ನಿಗೆ ಕೊಟ್ಟು ಅರ್ಧ ಗಂಟೆಯಲ್ಲಿ ಉಜ್ಜಿ ಬಿಸಾಡುತ್ತಿದ್ದ. ಡೆಲ್ಮರನಿಗೆ ಯೋಜನೆ ಹೊಳೆದದ್ದು ಆ ಕ್ಷಣದಲ್ಲೇ. ಕದಿಯುವುದೆಂದು ಅವನಿಗೆ ಅನ್ನಿಸಲಿಲ್ಲ. ಮುಳುಗುವವರನ್ನು ದಡಕ್ಕೆ ಎಳೆದ ಹಾಗೆ ಅನ್ನಿಸಿತು.

“ಆಯ್ತು, ಮಾಡೋಣ. ಆದ್ರೆ ಎಷ್ಟು ತೆಳು ಅಂತ ನಿಮ್ಮ ಕೈಯೇ ಹೇಳ್ಬೇಕು,” ಎಂದ.

ಗೋಡೆಯ ಮೇಲೆ ಮೂರು ರೀಇಶ್ಯೂಗಳು ತೂಗುತ್ತಿದ್ದವು. ಆ ಕಾಲದ ಗಿಟಾರನ್ನೇ ಅದೇ ಅಳತೆಗೆ, ಅದೇ ಕೆನೆ ಬಣ್ಣಕ್ಕೆ ಕಂಪನಿ ಈಗ ಮತ್ತೆ ಮಾಡಿ ಕಳಿಸುವಂಥವು. ಅಂಗಡಿಯಲ್ಲಿ ಅವಕ್ಕೆ ‘ಹೊಸ ಹಳೇದು’ ಎಂದೇ ಹೆಸರು. ನೋಡಲು ತ್ರಿವಳಿಗಳು, ಕತ್ತು ಮಾತ್ರ ಒಂದೊಂದರದು ಒಂದೊಂದು ತರಹ. ಮೊದಲನೆಯದು ಹೋಯ್ಟನದರಂತೆ ದಪ್ಪ. ಎರಡನೆಯದಕ್ಕೆ ದೋಣಿಯ ತಳದ ಹಾಗೆ ಹಿಂದೆ ಏಣು. ಮೂರನೆಯದು ತೆಳ್ಳಗೆ, ಬೆನ್ನು ಚಪ್ಪಟೆ. ವೆಲ್ಡಾ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಹಿಡಿದಳು. ಮೊದಲನೆಯದನ್ನು ಕೂಡಲೇ ಹಿಂದಕ್ಕೆ ಕೊಟ್ಟಳು. ಎರಡನೆಯದರ ಏಣು ಅಂಗೈಗೆ ಒತ್ತುತ್ತದೆ ಎಂದಳು. ಮೂರನೆಯದು ಅವಳ ಮಡಿಲಲ್ಲಿದ್ದಾಗ ಡೆಲ್ಮರ್ ಕಾಫಿ ತರಲು ಒಳಗೆ ಹೋದ. ಬರುವಷ್ಟರಲ್ಲಿ ಅವಳೇ ಅದನ್ನು ಮೊಳೆಗೆ ತೂಗುಹಾಕಿ, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು.

“ಇದೇ,” ಎಂದಳು. “ತುಂಬಾ ಬೆಲೇದಾ ಇದು?”

“ನೀವು ಕೊಳ್ಳೋದು ಬೇಡ. ಹೋಯ್ಟನ ಕತ್ತನ್ನ ಈ ಆಕಾರಕ್ಕೆ ತರ್ತೀನಿ, ಅಷ್ಟೇ.”

ಮಾರನೆಯ ದಿನ ಅವಳು ಪೀಚ್ ಹಣ್ಣಿನ ಪೈ ತಂದುಕೊಟ್ಟಳು. ಪಾಪದ ಮುದುಕಿ ಎಂದುಕೊಂಡು ಡೆಲ್ಮರ್ ನಿಂತಲ್ಲೇ ಅರ್ಧ ತಿಂದ.

ಉಪಾಯ ಸರಳವಾಗಿತ್ತು. ಹೋಯ್ಟನ ಗಿಟಾರಿನ ಒಡಲು, ತಂತಿ, ತಿರುಪು, ಸ್ಕ್ರೂ ಎಲ್ಲವೂ ವೆಲ್ಡಾಳಿಗೇ ಹೋಗುತ್ತವೆ. ಕತ್ತು ಮಾತ್ರ ರೀಇಶ್ಯೂವಿನ ತೆಳು ಕತ್ತು. ಹೋಯ್ಟನ ಕತ್ತು ರೀಇಶ್ಯೂವಿನ ಒಡಲಿಗೆ ಕೂತು ಡೆಲ್ಮರನ ಮನೆಯ ಗೋಡೆಗೇರುತ್ತದೆ. ಯಾರಾದರೂ ನೋಡಿದರೆ ಅಂಗಡಿಯವನು ಒಂದು ಹೊಸ ಹಳೇದನ್ನು ಮನೆಗೆ ತಂದಿದ್ದಾನೆ ಅಂದುಕೊಂಡಾರು. ತೆಳು ಕತ್ತಿನ ಬೆನ್ನು ಹೊಸದಾಗಿ ಕಂಡರೂ ತೊಂದರೆಯಿಲ್ಲ, ಹೆರೆದ ಕತ್ತು ಹಾಗೇ ಕಾಣಬೇಕು. ಹಳತಾಗಿ ಕಾಣಬೇಕಾದದ್ದು ಮುಂಭಾಗ, ಅಂಚುಗಳು ಮತ್ತು ತಲೆ ಮಾತ್ರ.

ಕಂಪನಿಯಿಂದ ಅದೇ ನಮೂನೆಯ ಇನ್ನೊಂದನ್ನು ತರಿಸಬಹುದಿತ್ತು. ಕಸಬು ಗೊತ್ತಿಲ್ಲದವನು ಹಾಗೇ ಮಾಡುತ್ತಿದ್ದ. ಒಂದೇ ನಮೂನೆಯ ಕತ್ತುಗಳೂ ಒಂದೇ ಸಮ ಇರುವುದಿಲ್ಲವೆಂದು ಡೆಲ್ಮರ್ ಬಲ್ಲ. ಕೊನೆಯ ಉಜ್ಜು ಮನುಷ್ಯರ ಕೈಯದು. ಒಬ್ಬ ಕೆಲಸಗಾರ್ತಿ ಸೋಮವಾರ ಉಜ್ಜಿದ್ದಕ್ಕೂ ಶುಕ್ರವಾರ ಉಜ್ಜಿದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಸೂಜಿಗಳ ಬಾಚಣಿಗೆಯಂಥ ಅಳತೆಗೋಲನ್ನು ಒತ್ತಿ ಮೂರನೆಯ ಕತ್ತಿನ ದುಂಡನ್ನು ಐದು ಕಡೆ ಕಾಗದಕ್ಕಿಳಿಸಿದ. ಉಗ್ರಾಣದಲ್ಲಿದ್ದ ಅದೇ ನಮೂನೆಯ ಇನ್ನೊಂದರದ್ದನ್ನೂ ಇಳಿಸಿ ನೋಡಿದ. ಐದನೆಯ ಫ್ರೆಟ್ಟಿನ ಹಿಂದೆ ಅದು ಚೂರು ಹೊಟ್ಟೆ ಬಿಟ್ಟಿತ್ತು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಗುತ್ತದೆ. ಅವಳ ಕೈ ಮೆಚ್ಚಿದ್ದು ಗೋಡೆಯ ಮೇಲಿನ ಮೂರನೆಯದನ್ನು, ಅದೇ ಹೋಗಬೇಕು. ಈ ಜಾಗರೂಕತೆಗೆ ಅವನಿಗೆ ತನ್ನ ಮೇಲೇ ಮೆಚ್ಚುಗೆಯಾಯಿತು.

ಮೂರು ವಾರ ನೆಲಮಂಜು ಕವಿದಿತ್ತು. ರಸ್ತೆಯಾಚೆಯ ಎಣ್ಣೆಬಾವಿಯ ಪಂಪು ಕಾಣುತ್ತಿರಲಿಲ್ಲ, ಏರಿ ಇಳಿಯುವ ಸದ್ದು ಮಾತ್ರ ಕೇಳುತ್ತಿತ್ತು. ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ ತಿರುಗಿಸಿ ಡೆಲ್ಮರ್ ಹಗಲೆಲ್ಲ ದುಡಿದ. ಹೋಯ್ಟನ ಕತ್ತಿನ ಮುಂಭಾಗದಲ್ಲೂ ಅಂಚುಗಳಲ್ಲೂ ತಲೆಯಲ್ಲೂ ನಲವತ್ತೊಂದು ಗಾಯಗಳಿದ್ದವು. ಸಿಗರೇಟು ಸುಟ್ಟದ್ದು, ಮೈಕಿನ ಕಂಬಕ್ಕೆ ಬಡಿದದ್ದು, ಯಾರೋ ಕುಡುಕ ಬಾಟಲಿ ಎಸೆದದ್ದು. ಪ್ರತಿಯೊಂದಕ್ಕೂ ಅಂಕಿ ಕೊಟ್ಟು ರಟ್ಟಿನ ಮೇಲೆ ಚಿತ್ರ ಬರೆದುಕೊಂಡ. ಒಂದೊಂದನ್ನೂ ಹೊಸ ಕತ್ತಿಗೆ ಇಳಿಸಿ, ಹೊಗೆಸೊಪ್ಪಿನ ನೀರು ತುಂಬಿ, ಉಪ್ಪುಕಾಗದದಲ್ಲಿ ಸವರಿದ. ಫ್ರೆಟ್ಟುಗಳ ನಡುವೆ ಬೆರಳು ಕೂರುವ ಜಾಗಗಳನ್ನು ಕಪ್ಪಗಾಗಿಸಿದ. ಒಡಲಿನೊಳಗೆ ಅಡಗುವ ಬುಡದಲ್ಲಿ ಹಳೆಯ ಕೆಲಸಗಾರ ಪೆನ್ಸಿಲಿನಲ್ಲಿ ಬರೆದ ತಾರೀಖನ್ನೂ ಬಿಡಲಿಲ್ಲ.

ಕೊನೆಗೆ ಎಣಿಸಿದರೆ ನಲವತ್ತೆರಡಾದವು. ಏಳನೆಯ ಫ್ರೆಟ್ಟಿನ ಬಳಿ ಮೇಲಂಚಿನಲ್ಲಿ ಜೋಡಿ ಚುಕ್ಕೆಯಂಥ ಒಂದು ಸಣ್ಣ ಕಚ್ಚು ಹೆಚ್ಚಾಗಿತ್ತು. ತನ್ನದೇ ಉಳಿ ಎರಡು ಸಲ ಜಾರಿರಬೇಕು. ಎಪ್ಪತ್ತು ವರ್ಷದ ಗಿಟಾರಿನಲ್ಲಿ ಒಂದು ಕಚ್ಚು ಹೆಚ್ಚಾದರೆ ಯಾರು ಕೇಳುತ್ತಾರೆ? ಅದಕ್ಕೂ ಹೊಗೆಸೊಪ್ಪಿನ ನೀರು ತುಂಬಿದ.

ವೆಲ್ಡಾ ನಡುವೆ ಎರಡು ಸಲ ಫೋನು ಮಾಡಿದಳು. ಒಮ್ಮೆ ಹೆರೆದ ಸಿಪ್ಪೆಯನ್ನು ಬಿಸಾಡಬೇಡ ಎಂದಳು. “ಅವನ ಬೆವರು ಕುಡಿದ ಮರ ಅಲ್ವೇನಪ್ಪಾ, ನನಗೆ ಬೇಕು.” ಡೆಲ್ಮರ್ ಕತ್ತನ್ನು ಹೆರೆದೇ ಇರಲಿಲ್ಲ. ತನ್ನ ಅಮ್ಮ ತರಕಾರಿ ಹೆಚ್ಚುತ್ತಿದ್ದ ಮೇಪಲ್ ಹಲಗೆಯನ್ನು ಹುಡುಕಿ ತೆಗೆದು ಹೆರೆದ. ಸಿಪ್ಪೆಯನ್ನು ಜಾಮಿನ ಬಾಟಲಿಗೆ ತುಂಬಿಸಿ ಅವಳ ಮನೆಗೇ ಕೊಟ್ಟುಬಂದ. ಅವಳು ಮುಚ್ಚಳ ತೆಗೆದು ಮೂಸಿ, “ಹೋಯ್ಟನ ವಾಸನೇನೇ ಬರ್ತಿದೆ,” ಎಂದು ಅತ್ತಳು. ಆ ದಿನ ಅವನು ಊಟ ಮಾಡಲಿಲ್ಲ.

ಇನ್ನೊಂದು ಸಲ ಅವಳು ಕೇಳಿದ್ದು ಗೋಡೆಯ ಮೇಲಿದ್ದ ಮೂರನೆಯ ಗಿಟಾರಿನ ವಿಷಯ.

“ಮಾರಾಟ ಆಯ್ತು, ಮಿಸ್ ವೆಲ್ಡಾ. ಫ್ರೆಸ್ನೋದವನೊಬ್ಬ ತಗೊಂಡ್ಹೋದ.”

“ಅಯ್ಯೋ, ಹೋಯ್ತಾ? ಅವನ ವಿಳಾಸ ಇದ್ರೆ ಕೊಡ್ತೀಯಾ? ಒಂದು ಕಾಗದ ಬರೀಬೇಕಿತ್ತು.”

“ದುಡ್ಡು ಕೊಟ್ಟ, ಹೋದ. ಹೆಸ್ರೂ ಕೇಳ್ಲಿಲ್ಲ.”

ಫೋನಿಟ್ಟು ಅವನು ನಕ್ಕ. ಮುದುಕಿಗೆ ಆ ಗಿಟಾರಿನ ಮೇಲೂ ಮೋಹ ಹುಟ್ಟಿದೆಯಲ್ಲ ಎಂದುಕೊಂಡ.

ಆದರೆ ಮನೆಯಲ್ಲಿ ಅವನಿಗೆ ನಗು ಬರುತ್ತಿರಲಿಲ್ಲ. ಹೋಯ್ಟನ ಕತ್ತು ಹೊತ್ತ ಗಿಟಾರು ಗೋಡೆಗೇರಿದ ದಿನವೇ ಆಸೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಿದ್ದ. ಚಳಿಗೆ ಕಿಟಕಿಯ ಗಾಜೆಲ್ಲ ಬೆವರುತ್ತಿತ್ತು, ಕತ್ತು ಮಾತ್ರ ಈಗಷ್ಟೇ ಯಾರೋ ಹಿಡಿದು ಬಿಟ್ಟ ಹಾಗೆ ಬೆಚ್ಚಗಿತ್ತು. ತನ್ನ ಹಾಡು ನುಡಿಸಲು ಹೊರಟರೆ ಹೆಬ್ಬೆರಳು ಜಾರಿ ಹೋಯ್ಟ್ ಸವೆಸಿದ ಜಾಗಕ್ಕೇ ಹೋಗಿ ಕೂರುತ್ತಿತ್ತು. ಬೆರಳುಗಳು ಹೋಯ್ಟನ ವರಸೆಯನ್ನೇ ಹುಡುಕಿ, ಸಿಗದೆ, ಮರಗಟ್ಟಿ ನಿಲ್ಲುತ್ತಿದ್ದವು. ಗೋಡೆಗೆ ಹಾಕಿ ಬೆನ್ನು ತಿರುಗಿಸಿದರೆ ತಂತಿಯೊಂದು ಮೆಲ್ಲಗೆ ಮಿಡಿಯುತ್ತಿತ್ತು. ಹೆದ್ದಾರಿಯ ಲಾರಿಗಳ ಅದುರಿಗೆ ಎಂದು ಸಮಾಧಾನ ಹೇಳಿಕೊಂಡ. ಲಾರಿಗಳಿಲ್ಲದ ಒಂದು ಭಾನುವಾರ ಬೆಳಗ್ಗೆಯೂ ಅದು ಮಿಡಿಯಿತು. ಅವನು ಅದರ ಮೇಲೆ ಕಂಬಳಿ ಹೊದಿಸಿದ. ನಾನು ನಿನ್ನ ಉಳಿಸಿದೆ ಕಣೋ ಹೋಯ್ಟ್ ಎಂದು ಗಟ್ಟಿಯಾಗಿಯೇ ಹೇಳಿದ. ತನ್ನ ದನಿ ಕೇಳಿ ತಾನೇ ಬೆಚ್ಚಿದ.

ಗಿಟಾರನ್ನು ಮೊದಲೇ ಒಪ್ಪಿಸಿದರೆ ಅವಳು ಮನೆಯಲ್ಲಿ ಕೂತು ಕೆರೆದು ಕೆದಕಿ ನೋಡುತ್ತಾಳೆ. ಅದಕ್ಕೆಂದೇ ಮೆರುಗೆಣ್ಣೆ ಒಣಗಿಲ್ಲವೆಂಬ ನೆಪ ಹೇಳಿ ಹುಟ್ಟುಹಬ್ಬದ ಮಧ್ಯಾಹ್ನದವರೆಗೂ ಎಳೆದ. ನೇರ ಹಾಲಿಗೇ ತಂದು, ಅವಳು ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ಕೈಗಿಟ್ಟ. ಅವಳು ಕತ್ತನ್ನು ಹಿಡಿದು ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರಿಳಿಯಿತು.

“ಇಲ್ಲೇ ಇದಾನೆ ಕಣೋ ಡೆಲ್ಮರ್,” ಎಂದು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ನನ್ ಕೈಗೆ ಎಷ್ಟು ಚೆನ್ನಾಗಿ ಕೂತಿದೆ ನೋಡು.”

ಡೆಲ್ಮರ್ ಮುಂದಿನ ಸಾಲಿನಲ್ಲಿ ಕೂತ. ಹಾಲು ತುಂಬಿತ್ತು. ಹೋಯ್ಟನ ಜೊತೆ ನುಡಿಸಿದ ಮುದುಕರು, ಎಣ್ಣೆಬಾವಿಯವರು, ಕಿತ್ತಳೆ ತೋಟದವರು, ಟೋಪಿ ತೊಡೆಯ ಮೇಲಿಟ್ಟು ಕೂತಿದ್ದ ಪೊಲೀಸ್ ಶೆರಿಫ್. ವೇದಿಕೆಯ ಮೇಲೆ ಹೋಯ್ಟನ ಹಳೆಯ ಆಂಪ್ಲಿಫೈಯರನ್ನೂ ತಂದಿಟ್ಟಿದ್ದರು. ವೆಲ್ಡಾ ಮೊದಲನೆಯ ಹಾಡನ್ನು ಕತ್ತಿನ ತುದಿಯಲ್ಲೇ, ತಪ್ಪದ ಹಾಗೆ ಹೆದರಿ ಹೆದರಿ ನುಡಿಸಿದಳು. ಆಯಿಲ್‌ಡೇಲಿನವನೇ ಎದ್ದು ಬಂದು ಡೆಲ್ಮರನ ಭುಜ ತಟ್ಟಿ, “ಮಸ್ತ್ ಕೆಲ್ಸ ಮಾಡಿದೀಯ ಮಾರಾಯ,” ಎಂದ. ಒಂದೂವರೆ ತಿಂಗಳಲ್ಲಿ ಮೊದಲ ಸಲ ಡೆಲ್ಮರನ ಎದೆ ಹಗುರಾಯಿತು.

ಚಪ್ಪಾಳೆ ನಿಂತ ಮೇಲೆ ವೆಲ್ಡಾ, ಬಿಚ್ಚಿ ಜೇಬಿಗಿಟ್ಟಿದ್ದ ಉಂಗುರವನ್ನು ತೆಗೆದು ಎತ್ತಿಹಿಡಿದು, ಮೈಕಿನ ಹತ್ತಿರ ಬಾಗಿದಳು. “ಇನ್ನೊಂದು ಹಾಡಿಗೆ ಮೊದ್ಲು ಒಂದು ತಪ್ಪೊಪ್ಪಿಗೆ ಇದೆ. ಹೋಯ್ಟ್ ಈ ಉಂಗುರ ಬಿಚ್ಚಿಡದೆ ಗಿಟಾರ್ ಮುಟ್ತಿರ್ಲಿಲ್ಲ, ನಿಮಗೆಲ್ಲ ಗೊತ್ತು. ನಾನು ದಡ್ಡಿ, ಹಾಕ್ಕೊಂಡೇ ಡೆಲ್ಮರನ ಅಂಗಡೀಲಿ ಒಂದು ಹೊಸಾ ಗಿಟಾರ್ ಹಿಡಿದೆ. ಇದರ ಒಡೆದ ಹಲ್ಲು ಕತ್ತಿಗೆ ಕಚ್ಚಿಬಿಡ್ತು, ಹಾವು ಕಚ್ಚಿದ ಹಾಗೆ ಜೋಡಿ ಚುಕ್ಕೆ. ನಾಚಿಕೆಯಾಗಿ ಹೇಳ್ಲಿಲ್ಲ, ಪೈ ಮಾಡಿ ತಂದ್ಕೊಟ್ಟೆ.” ಎಲ್ಲರೂ ಗೊಳ್ಳೆಂದು ನಕ್ಕರು, ಶೆರಿಫ್ ಕೂಡ. “ಪಾಪ, ಅದನ್ನ ಫ್ರೆಸ್ನೋದವನ್ಯಾರೋ ಕೊಂಡ್ಕೊಂಡ್ನಂತೆ. ಅವನ ಕ್ಷಮೆ ಕೇಳೋಣ ಅಂದ್ರೆ ವಿಳಾಸಾನೂ ಸಿಗ್ಲಿಲ್ಲ. ಇಲ್ಲಿ, ಸರಿಯಾಗಿ ಏಳನೇ ಫ್ರೆಟ್ ಹತ್ರ, ಈ ಮೇಲಂಚಲ್ಲಿ...” ತೋರಿಸಲು ಹೋದ ಹೆಬ್ಬೆರಳು ಅಂಚಿನುದ್ದಕ್ಕೂ ಜಾರಿ ಏಳನೆಯ ಫ್ರೆಟ್ಟಿನ ಬಳಿ ನಿಂತಿತು. ಅವಳು ಬಗ್ಗಿ ನೋಡಿದಳು, ಕೈಯಲ್ಲಿದ್ದ ಉಂಗುರವನ್ನು ಅಲ್ಲಿಗೆ ತಂದು ಇಟ್ಟಳು. ಒಡೆದ ಹಲ್ಲು ಆ ಜೋಡಿ ಚುಕ್ಕೆಯೊಳಗೆ ಸರಿಯಾಗಿ ಕೂತಿತು. ನಗು ಒಂದೊಂದಾಗಿ ಅಡಗಿತು. ವೆಲ್ಡಾ ತಲೆಯೆತ್ತಿ ಮುಂದಿನ ಸಾಲಿನತ್ತ ನೋಡಿದಳು, ಮೈಕು ಅವಳ ಸಣ್ಣ ದನಿಯನ್ನು ಹಾಲಿನ ಕೊನೆಯ ಬೆಂಚಿನವರೆಗೂ ಮುಟ್ಟಿಸಿತು: “ಇದು ಇಲ್ಲಿದೆಯಲ್ಲಪ್ಪಾ ಡೆಲ್ಮರ್. ಹಾಗಾದ್ರೆ ನನ್ನ ಹೋಯ್ಟನ ಕತ್ತು ಎಲ್ಲಿ?”